ಎಚ್ಚರಿಕೆಯ ಗಂಟೆಯೂ ಓಗೊಡುವ ಕಿವಿಯೂ: ಗೃಹರಕ್ಷಣಾ ಅಲಾರಂ ಚರಿತ್ರೆಯ ಒಂದು ವಿವೇಚನೆ

ಮನೆಯನ್ನು ಕಾಯುವ ಸಾಧನಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಗೋಡೆ, ಕದ, ಅಗುಳಿ, ಬೀಗ ಮೊದಲಾದುವು ಒಂದು ವರ್ಗ. ಇವು ಕಳ್ಳನನ್ನು ತಡೆಯತಕ್ಕವು. ನಾಯಿಯ ಬೊಗಳು, ಕಾವಲುಗಾರನ ಕೂಗು, ಬಾಗಿಲಿಗೆ ಕಟ್ಟಿದ ಗಂಟೆ ಮೊದಲಾದುವು ಇನ್ನೊಂದು ವರ್ಗ. ಇವು ಯಾರನ್ನೂ ತಡೆಯಲಾರವು, ಮತ್ತೊಬ್ಬರನ್ನು ಕರೆಯಬಲ್ಲವು, ಅಷ್ಟೆ. ಇಂದು ನಗರಗಳ ಮನೆಗಳಲ್ಲಿ ಕಾಣಬರುವ ಅಲಾರಂ ವ್ಯವಸ್ಥೆ ಈ ಎರಡನೆಯ ವರ್ಗಕ್ಕೆ ಸೇರಿದ್ದು. ಅದನ್ನು ಕುರಿತು ಬರೆಯುವವರು ಯಂತ್ರದ ಸುಧಾರಣೆಯನ್ನೇ ಅದರ ಚರಿತ್ರೆಯೆಂದು ಭಾವಿಸುವುದುಂಟು. ಆದರೆ ಕರೆಯೆಂಬುದು ಓಗೊಡುವವರಿಲ್ಲದೆ ಪೂರ್ಣವಾಗದು. ಆದುದರಿಂದ ಗಂಟೆಯ ಚರಿತ್ರೆಯೊಡನೆ ಅದಕ್ಕೆ ಓಗೊಟ್ಟವರ ಚರಿತ್ರೆಯನ್ನೂ ಸೇರಿಸಿ ನೋಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ವಿದ್ಯುತ್ತಿನ ಎಚ್ಚರಿಕೆಯ ಗಂಟೆ ಮನೆಮನೆಯ ವ್ಯಾಪಾರದ ವಸ್ತುವಾಗಿ ಬೆಳೆದದ್ದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿ 1853 ರಿಂದ ಈಚೆಗೆ ನಡೆದ ಬೆಳವಣಿಗೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1

ಮೊದಲು ಶಬ್ದವನ್ನೇ ನೋಡೋಣ. ‘ಅಲಾರಂ’ ಎಂಬುದು ಇಂಗ್ಲಿಷಿನ ಮೂಲಕ ನಮಗೆ ಬಂದ ಮಾತಾದರೂ ಅದರ ಮೂಲ ಇಟಲಿಯ ಭಾಷೆಯಲ್ಲಿದೆ. ‘ಆಯುಧ ಹಿಡಿಯಿರಿ’ ಎಂದು ಸೈನಿಕರನ್ನು ಎಬ್ಬಿಸುತ್ತಿದ್ದ ಕೂಗೇ ಕಾಲಕ್ರಮದಲ್ಲಿ ಒಂದು ನಾಮಪದವಾಯಿತು. ಕನ್ನಡದಲ್ಲಿಯೂ ಇದಕ್ಕೆ ಸದೃಶವಾದ ಒಂದು ಮಾತುಂಟು. ಹಳಗನ್ನಡದ ‘ಪುಯ್ಯಲ್’, ನಡುಗನ್ನಡದ ‘ಹುಯ್ಯಲು’ ಎಂಬ ಶಬ್ದಕ್ಕೆ ಗೋಳು, ಮೊರೆ ಎಂಬ ಅರ್ಥದೊಡನೆ ಯುದ್ಧ ಎಂಬ ಅರ್ಥವೂ ಸಲ್ಲುತ್ತದೆ. ಮೊರೆಯೂ ಕಾಳಗವೂ ಒಂದೇ ಶಬ್ದದಲ್ಲಿ ಅಡಗಿದ್ದರೆ ಅದು ಆಕಸ್ಮಿಕವಲ್ಲ. ಊರಿನ ದನಗಳನ್ನು ಹಗೆಗಳು ಹಿಡಿದೊಯ್ಯುವಾಗ ಎದ್ದ ಕೂಗಿಗೂ ಅದನ್ನು ಕೇಳಿ ಓಡಿಬಂದವರ ಹೋರಾಟಕ್ಕೂ ನಡುವೆ ಅಂತರವಿರಲಿಲ್ಲ. ತುರುಗೋಳಿನಲ್ಲಿ ಮಡಿದವರಿಗಾಗಿ ನಿಲ್ಲಿಸಿದ ವೀರಗಲ್ಲುಗಳು ಕರ್ಣಾಟಕದಾದ್ಯಂತ ಇವೆ. ಅವು ಕೂಗಿದವನ ಸ್ಮಾರಕಗಳಲ್ಲ, ಕೂಗಿಗೆ ಓಗೊಟ್ಟವನ ಸ್ಮಾರಕಗಳು ಎಂಬುದನ್ನು ಇಲ್ಲಿ ನೆನೆಯಬೇಕು.

ಪ್ರಾಚೀನರು ಈ ಕೂಗಿನ ಕೆಲಸವನ್ನು ಪ್ರಾಣಿಪಕ್ಷಿಗಳಿಗೂ ವಹಿಸಿದ್ದರು. ಆರ್. ಶಾಮಶಾಸ್ತ್ರಿಗಳು 1909 ರಲ್ಲಿ ಮೈಸೂರಿನಲ್ಲಿ ಮೊದಲು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಮನೆಯ ರಕ್ಷಣೆಗೆ ಮೀಸಲಾದ ಪ್ರಕರಣವೊಂದಿದೆ. ಹಾವು ಅಥವಾ ವಿಷದ ಶಂಕೆಯುಂಟಾದಾಗ ಗಿಳಿ, ಸಾರಿಕೆ, ಭೃಂಗರಾಜ ಪಕ್ಷಿಗಳು ಕೂಗುತ್ತವೆಂದು ಅಲ್ಲಿ ಹೇಳಿದೆ. ರೋಮಿನ ಚರಿತ್ರಕಾರ ಲಿವಿಯು ಕ್ರಿ.ಪೂ. 390 ರ ಸುಮಾರಿನ ಘಟನೆಯೊಂದನ್ನು ನಿರೂಪಿಸಿದ್ದಾನೆ. ಗಾಲ್ ಜನರು ಇರುಳಿನಲ್ಲಿ ಕ್ಯಾಪಿಟಲ್ ಗುಡ್ಡವನ್ನು ಏರಿದಾಗ ನಾಯಿಗಳು ಸುಮ್ಮನಿದ್ದುವಂತೆ. ಜೂನೋ ದೇವತೆಗೆ ಮೀಸಲಾದ ಹೆಬ್ಬಾತುಗಳು ಗದ್ದಲವೆಬ್ಬಿಸಿದುವಂತೆ. ಕಥೆ ಹೆಬ್ಬಾತುಗಳದೆಂದೇ ಪ್ರಸಿದ್ಧವಾಗಿದೆ. ಆದರೆ ಆ ಗದ್ದಲಕ್ಕೆ ಎಚ್ಚತ್ತು ಮೊದಲನೆಯ ಶತ್ರುವನ್ನು ಕೆಳಕ್ಕೆ ತಳ್ಳಿದ ಮಾರ್ಕಸ್ ಮ್ಯಾನ್ಲಿಯಸ್ ಇರದಿದ್ದರೆ ಅವುಗಳ ಕೂಗು ವ್ಯರ್ಥವಾಗುತ್ತಿತ್ತು.

2

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಈ ಕೂಗಿನ ಕೆಲಸ ವಿದ್ಯುತ್ತಿಗೆ ವಹಿಸಲ್ಪಟ್ಟಿತು. ಮ್ಯಾಸಚೂಸೆಟ್ಸ್ ಸಂಸ್ಥಾನದ ಸೋಮರ್‌ವಿಲ್ ಎಂಬ ಊರಿನ ಆಗಸ್ಟಸ್ ರಸೆಲ್ ಪೋಪ್ ಎಂಬಾತನು 1853 ರ ಜೂನ್ 21 ರಂದು ವಿದ್ಯುತ್ಕಾಂತದಿಂದ ನಡೆಯುವ ಕಳ್ಳಗಂಟೆಗೆ ಪೇಟೆಂಟನ್ನು ಪಡೆದನು. ಇದರ ತತ್ತ್ವ ಸರಳವಾದುದು. ಬಾಗಿಲು ಕಿಟಕಿಗಳಿಗೆ ಲೋಹದ ಸಂಪರ್ಕಗಳನ್ನು ಅಳವಡಿಸಿ, ಅವನ್ನು ತಂತಿಯ ಮೂಲಕ ಬ್ಯಾಟರಿಗೂ ಗಂಟೆಗೂ ಜೋಡಿಸಿರುತ್ತದೆ. ಕದ ತೆರೆದೊಡನೆ ಮಂಡಲವು ಪೂರ್ಣಗೊಂಡು ವಿದ್ಯುತ್ತು ಹರಿಯುತ್ತದೆ; ವಿದ್ಯುತ್ಕಾಂತವು ಸುತ್ತಿಗೆಯನ್ನು ಅಲುಗಿಸುತ್ತದೆ; ಸುತ್ತಿಗೆ ಗಂಟೆಯನ್ನು ಬಾರಿಸುತ್ತದೆ.

ಪೋಪನ ಹಕ್ಕನ್ನು 1857 ರಲ್ಲಿ ಕೊಂಡುಕೊಂಡ ಎಡ್ವಿನ್ ಹೋಮ್ಸ್ ಇದನ್ನು ಬಾಸ್ಟನ್ನಿನಲ್ಲಿ ವ್ಯಾಪಾರಕ್ಕೆ ತಂದನು; 1859 ರಲ್ಲಿ ನ್ಯೂಯಾರ್ಕಿಗೆ ನೆಲೆಯನ್ನು ಬದಲಾಯಿಸಿದನು. ವಿದ್ಯುದ್ದೀಪ ಇನ್ನೂ ಮನೆಗಳನ್ನು ಹೊಕ್ಕಿರದ ಕಾಲವದು. ಗೋಡೆಯಲ್ಲಿ ಅಡಗಿದ ತಂತಿಯೊಂದು ಕೆಳಗಿನ ಕಿಟಕಿಯ ಸಮಾಚಾರವನ್ನು ಮೇಲಿನ ಮಲಗುವ ಕೋಣೆಗೆ ತಿಳಿಸಬಲ್ಲದೆಂಬುದನ್ನು ಜನರು ನಂಬಬೇಕಾಗಿತ್ತು.

ಈ ಹಂತದಲ್ಲಿ ಓಗೊಡುವವನು ಯಾರು? ಯಜಮಾನನೇ. ಗಂಟೆ ಬಾರಿಸುತ್ತಿದ್ದುದು ಅವನ ಹಾಸಿಗೆಯ ಬಳಿ. ಎದ್ದು ದೀಪ ಹಚ್ಚಿ, ಆಳುಗಳನ್ನು ಕರೆದು, ಕಳ್ಳನನ್ನು ಎದುರಿಸುವ ಭಾರ ಮನೆಯವರದಾಗಿತ್ತು. ಯಂತ್ರವು ಹೆಬ್ಬಾತಿನ ಸ್ಥಾನವನ್ನು ಆಕ್ರಮಿಸಿತೇ ಹೊರತು ಮ್ಯಾನ್ಲಿಯಸನ ಸ್ಥಾನ ಹಾಗೆಯೇ ಉಳಿಯಿತು. ಮನೆಯವರು ಊರಿನಲ್ಲಿಲ್ಲದಾಗ ಗಂಟೆ ಬರಿಯ ಗೋಡೆಗಳಿಗೆ ಕೇಳಿಸುತ್ತಿತ್ತು.

3

ಈ ಕೊರತೆಯನ್ನು ತುಂಬಿದ್ದು ಟೆಲಿಗ್ರಾಫು. ಷೇರುಪೇಟೆಯ ಧಾರಣೆಗಳನ್ನು ದೂರಕ್ಕೆ ಅಚ್ಚೊತ್ತಿ ತಿಳಿಸುವ ಯಂತ್ರವನ್ನು 1867 ರಲ್ಲಿ ರೂಪಿಸಿದ್ದ ಎಡ್ವರ್ಡ್ ಕ್ಯಾಲಹನ್ 1870 ರ ದಶಕದ ಆರಂಭದಲ್ಲಿ ಮನೆಗಳನ್ನು ಒಂದು ಕೇಂದ್ರ ಕಚೇರಿಗೆ ಜೋಡಿಸುವ ಕರೆಪೆಟ್ಟಿಗೆಯನ್ನು ಬಳಕೆಗೆ ತಂದನು. ಮನೆಯಾತನು ಹಿಡಿಯನ್ನು ತಿರುಗಿಸಿದರೆ ಆ ಮನೆಯನ್ನು ಸೂಚಿಸುವ ನಿಯತಸಂಖ್ಯೆಯ ಸ್ಪಂದನಗಳು ತಂತಿಯಲ್ಲಿ ಹರಿಯುತ್ತಿದ್ದುವು. ಕಚೇರಿಯವರು ಅದನ್ನು ಗುರುತಿಸಿ ಓಲೆಕಾರ ಹುಡುಗನನ್ನೋ ಪೋಲೀಸರನ್ನೋ ಕಳುಹಿಸುತ್ತಿದ್ದರು. ಹೋಮ್ಸನ ಸಂಸ್ಥೆಯೂ ಇದೇ ದಶಕದಲ್ಲಿ ಕೇಂದ್ರ ಕಚೇರಿಗಳನ್ನು ನಡೆಸುತ್ತಿತ್ತು. ಬಾಸ್ಟನ್ನಿನಲ್ಲಿ 1877 ರ ಮೇ ತಿಂಗಳಿನಲ್ಲಿ ಹೋಮ್ಸನ ಮಗ ಎಡ್ವಿನ್ ಟಿ. ಹೋಮ್ಸ್ ಕಳ್ಳಗಂಟೆಯ ತಂತಿಗಳಿಗೇ ಟೆಲಿಫೋನುಗಳನ್ನು ಜೋಡಿಸಿದ ಸಂಗತಿ ಸಂಪರ್ಕಸಾಧನಗಳ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಹಗಲಿನಲ್ಲಿ ಮಾತು, ಇರುಳಿನಲ್ಲಿ ಎಚ್ಚರಿಕೆ: ಒಂದೇ ತಂತಿ ಎರಡು ಕೆಲಸಗಳನ್ನೂ ಮಾಡಿತು. ಪ್ರಥಮ ಟೆಲಿಫೋನ್ ವಿನಿಮಯ ಕೇಂದ್ರಗಳ ಪ್ರಸ್ತಾಪ ಬಂದಾಗ ಇದನ್ನು ಇಂದಿಗೂ ಉಲ್ಲೇಖಿಸುತ್ತಾರೆ.

ಗಂಟೆಯ ತಂತಿ ಮನೆಯಿಂದ ಹೊರಗೆ ಹೋದೊಡನೆ ಒಂದು ಹೊಸ ಸಮಸ್ಯೆ ಹುಟ್ಟಿತು. ಕದ ತೆರೆದಾಗ ಮಾತ್ರ ವಿದ್ಯುತ್ತು ಹರಿಯುವ ವ್ಯವಸ್ಥೆಯಲ್ಲಿ ಕಳ್ಳನು ಮೊದಲೇ ತಂತಿಯನ್ನು ಕತ್ತರಿಸಿದರೆ ಗಂಟೆ ಮೂಕವಾಗುತ್ತದೆ. ಇದಕ್ಕೆ ಪರಿಹಾರವಾಗಿ ಸದಾ ಅಲ್ಪ ಪ್ರವಾಹ ಹರಿಯುತ್ತಲೇ ಇರುವ ಮುಚ್ಚಿದ ಮಂಡಲ ರೂಢಿಗೆ ಬಂದಿತು. ಇಲ್ಲಿ ತಂತಿ ಕತ್ತರಿಸಿದರೂ ಕದ ತೆರೆದರೂ ಪ್ರವಾಹ ನಿಂತು ಕಚೇರಿಯಲ್ಲಿ ಸೂಚನೆ ದೊರೆಯುತ್ತದೆ. ಮೌನವೇ ಇಲ್ಲಿ ಕೂಗಿನ ಅರ್ಥವನ್ನು ಪಡೆಯಿತು. ಇಂದಿನ ವ್ಯವಸ್ಥೆಗಳಲ್ಲಿಯೂ ಬಾಗಿಲಿನ ಸಂಪರ್ಕಗಳು ಬಹುಮಟ್ಟಿಗೆ ಇದೇ ತತ್ತ್ವವನ್ನು ಅನುಸರಿಸುತ್ತವೆ. ಬೆಲ್ ಪ್ರಯೋಗಶಾಲೆಯ ಎಲ್‌ವುಡ್ 1936 ರಲ್ಲಿ ರೂಪಿಸಿದ ರೀಡ್ ಸ್ವಿಚ್ಚು, ಅಂದರೆ ಗಾಜಿನ ಕೊಳವೆಯೊಳಗೆ ಎರಡು ಲೋಹದ ನಾಲಗೆಗಳು ಅಯಸ್ಕಾಂತದ ಸಾಮೀಪ್ಯದಿಂದ ಕೂಡುವ ಕೀಲಿ, ಈ ಸಂಪರ್ಕಕ್ಕೆ ತೀರ ಅನುಕೂಲವಾಯಿತು. ಅಯಸ್ಕಾಂತ ಕದದ ಮೇಲೆ, ಸ್ವಿಚ್ಚು ಚೌಕಟ್ಟಿನ ಮೇಲೆ. ಕದ ದೂರ ಸರಿದರೆ ನಾಲಗೆಗಳು ಬೇರೆಯಾಗುತ್ತವೆ.

ಸಾಮಾಜಿಕ ದೃಷ್ಟಿಯಿಂದ ಈ ಬದಲಾವಣೆ ಇನ್ನೂ ಗಂಭೀರವಾದುದು. ನೆರೆಯವನು ಕೂಗನ್ನು ಕೇಳಿ ಓಡಿಬರುವುದು ಸಹವಾಸದ ಧರ್ಮ. ಕಚೇರಿಯವನು ಬರುವುದು ಶುಲ್ಕಕ್ಕೆ ಪ್ರತಿಫಲ. ಓಗೊಡುವಿಕೆಯೆಂಬುದು ಹೀಗೆ ಕೊಳ್ಳತಕ್ಕ ಪದಾರ್ಥವಾಯಿತು. ಮೊದಲ ಗಿರಾಕಿಗಳು ಬ್ಯಾಂಕುಗಳು, ವರ್ತಕರು, ಸಿರಿವಂತರ ಮನೆಗಳು. ಶುಲ್ಕವನ್ನು ತೆರಲಾರದವರು ಹಳೆಯ ಕೂಗನ್ನೇ ನೆಚ್ಚಬೇಕಾಗಿತ್ತು, ನಗರ ಬೆಳೆದಂತೆಲ್ಲ ಅದನ್ನು ಕೇಳುವವರು ಕಡಮೆಯಾಗುತ್ತಿದ್ದರೂ ಸಹ.

4

ಈ ಅಸಮತೆಯ ಹಿನ್ನೆಲೆಯಲ್ಲಿ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಜಮೈಕ ಎಂಬ ಬಡಾವಣೆಯಲ್ಲಿ ನಡೆದ ಪ್ರಯತ್ನವೊಂದು ವಿಶೇಷ ಮಹತ್ವವುಳ್ಳದ್ದಾಗಿ ತೋರುತ್ತದೆ. ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಕರಿಯ ಮಹಿಳೆ ವೃತ್ತಿಯಿಂದ ದಾದಿ. ಆಕೆಯ ಪತಿ ಆಲ್ಬರ್ಟ್ ಬ್ರೌನ್ ಎಲೆಕ್ಟ್ರಾನಿಕ್ ಉಪಕರಣಗಳ ಕುಶಲಿ. ಇಬ್ಬರ ಕೆಲಸದ ವೇಳೆಯೂ ನಿಯತವಾಗಿರಲಿಲ್ಲವಾದ್ದರಿಂದ ಆಕೆ ಅವೇಳೆಯಲ್ಲಿ ಮನೆಯಲ್ಲಿ ಒಂಟಿಯಾಗಿರಬೇಕಾಗುತ್ತಿತ್ತು. ಆ ಬಡಾವಣೆಯಲ್ಲಿ ಪೋಲೀಸರು ಕರೆಗೆ ಬೇಗನೆ ಬರುತ್ತಿರಲಿಲ್ಲ. ದಂಪತಿಗಳು 1966 ರ ಆಗಸ್ಟ್ 1 ರಂದು ಸಲ್ಲಿಸಿದ ಅರ್ಜಿಗೆ 1969 ರ ಡಿಸೆಂಬರ್ 2 ರಂದು ಪೇಟೆಂಟು ದೊರೆಯಿತು.

ಅವರ ವ್ಯವಸ್ಥೆಯಲ್ಲಿ ಬಾಗಿಲಿಗೆ ಬೇರೆಬೇರೆ ಎತ್ತರದಲ್ಲಿ ನಾಲ್ಕು ಇಣುಕುಗಿಂಡಿಗಳು. ಅವುಗಳ ಹಿಂದೆ ಮೇಲಕ್ಕೂ ಕೆಳಕ್ಕೂ ಸರಿಯಬಲ್ಲ ಕ್ಯಾಮರಾ. ಮಲಗುವ ಕೋಣೆಯಲ್ಲಿ ಆ ಚಿತ್ರವನ್ನು ತೋರಿಸುವ ಟೆಲಿವಿಷನ್ ಪರದೆ. ಬಂದವರೊಡನೆ ಮಾತನಾಡಲು ಧ್ವನಿಸಾಧನ. ಬಂದವರು ಪರಿಚಿತರಾದರೆ ಕೋಣೆಯಿಂದಲೇ ಗುಂಡಿಯೊತ್ತಿ ಬಾಗಿಲನ್ನು ತೆರೆಯಬಹುದು. ಅಪಾಯವೆನಿಸಿದರೆ ಇನ್ನೊಂದು ಗುಂಡಿಯಿಂದ ರೇಡಿಯೋ ಮೂಲಕ ಪೋಲೀಸರಿಗೋ ಕಾವಲುಗಾರನಿಗೋ ಸುದ್ದಿ ಮುಟ್ಟಿಸಬಹುದು. ಪೋಪನ ಗಂಟೆ ಕದ ತೆರೆದ ಮೇಲೆ ಬಾರಿಸುತ್ತಿತ್ತು. ಬ್ರೌನ್ ದಂಪತಿಗಳ ಸಾಧನವಾದರೋ ಕದ ತೆರೆಯುವುದಕ್ಕೆ ಮುಂಚೆ ನೋಡುವ ಅವಕಾಶವನ್ನು ಕೊಟ್ಟಿತು; ಮಿತ್ರನಾರು ಶತ್ರುವಾರು ಎಂಬ ತೀರ್ಮಾನ ಮನೆಯೊಡತಿಯ ಕೈಯಲ್ಲಿ ಉಳಿಯಿತು. ಓಗೊಡುವವರು ತಡವಾಗಿ ಬರುವ ಕಡೆ ಕೂಗುವವರಿಗೆ ಸ್ವಲ್ಪ ಕಾಲವನ್ನು ಸಂಪಾದಿಸಿಕೊಡುವುದೇ ಅದರ ತಾತ್ಪರ್ಯವೆಂದು ನಾವು ತಿಳಿಯುತ್ತೇವೆ.

5

ಇನ್ನು ಇಂದಿನ ಮನೆಯ ಅಲಾರಂ ನಡೆಯುವ ಕ್ರಮವನ್ನು ಗಮನಿಸೋಣ. ಬಾಗಿಲು ಕಿಟಕಿಗಳ ಸಂಪರ್ಕಗಳೊಡನೆ, ಮನುಷ್ಯದೇಹ ಹೊರಸೂಸುವ ಅವರಕ್ತ ಕಿರಣಗಳ ಬದಲಾವಣೆಯನ್ನು ಗುರುತಿಸುವ ಚಲನಸೂಚಕವೂ ಇರುತ್ತದೆ. ಇವೆಲ್ಲ ಒಂದು ನಿಯಂತ್ರಣ ಫಲಕಕ್ಕೆ ಸೇರಿರುತ್ತವೆ. ಮನೆಯನ್ನು ಬಿಟ್ಟು ಹೊರಡುವವರು ಗುಪ್ತಸಂಖ್ಯೆಯನ್ನು ಒತ್ತಿ ಪೂರ್ಣ ಕಾವಲನ್ನು ಹೂಡುತ್ತಾರೆ. ಹೊರಗೆ ಹೋಗಲು ಅವರಿಗೆ ಅಲ್ಪಾವಧಿ ದೊರೆಯುತ್ತದೆ. ರಾತ್ರಿ ಒಳಗೆ ಮಲಗುವವರು ಚಲನಸೂಚಕವನ್ನು ಬಿಟ್ಟು ಬಾಗಿಲು ಕಿಟಕಿಗಳ ಕಾವಲನ್ನು ಮಾತ್ರ ಹೂಡುತ್ತಾರೆ. ಹಿಂತಿರುಗಿ ಬಂದವರು ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಗುಪ್ತಸಂಖ್ಯೆಯನ್ನು ಒತ್ತದಿದ್ದರೆ ಅಲಾರಂ ಮೊಳಗುತ್ತದೆ. ಬೆದರಿಕೆಗೆ ಒಳಗಾಗಿ ಸಂಖ್ಯೆ ಒತ್ತಬೇಕಾಗಿ ಬಂದವರಿಗಾಗಿ, ಮೇಲುನೋಟಕ್ಕೆ ಅಲಾರಮನ್ನು ಶಮನಗೊಳಿಸಿ ಗುಟ್ಟಾಗಿ ಕೇಂದ್ರಕ್ಕೆ ಸುದ್ದಿ ಕಳುಹಿಸುವ ಪ್ರತ್ಯೇಕ ಸಂಖ್ಯೆಯೂ ಅನೇಕ ವ್ಯವಸ್ಥೆಗಳಲ್ಲಿ ಉಂಟು.

ಈ ಕ್ರಮದಲ್ಲಿ ಯಂತ್ರಕ್ಕೆ ಕಳ್ಳನ ಪರಿಚಯವೂ ಇಲ್ಲ, ಯಜಮಾನನ ಪರಿಚಯವೂ ಇಲ್ಲ. ಅದು ಬಲ್ಲುದು ಸಂಖ್ಯೆಯನ್ನು ಮಾತ್ರ. ಸಂಖ್ಯೆಯನ್ನು ಮರೆತ ಅಜ್ಜಿ, ಅರೆಮುಚ್ಚಿದ ಕಿಟಕಿ, ಒಳಗೆ ಉಳಿದ ಬೆಕ್ಕು, ಕಾವಲು ಹೂಡಿದ್ದನ್ನು ತಿಳಿಯದೆ ಬೀಗ ತೆಗೆದ ನೆಂಟ, ಇವರೆಲ್ಲ ಅದರ ಪಾಲಿಗೆ ಕಳ್ಳರೇ. ಅಮೆರಿಕದ ಪೋಲೀಸು ಇಲಾಖೆಗಳು ಸ್ವೀಕರಿಸುವ ಅಲಾರಂ ಕರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹುಸಿಕರೆಗಳೆಂದು ಅಲ್ಲಿನ ಪರಿಶೀಲನೆಗಳು ಮತ್ತೆ ಮತ್ತೆ ತೋರಿಸಿವೆ. ಅವುಗಳಿಗೆ ಮುಖ್ಯ ಕಾರಣ ಉಪಕರಣದ ದೋಷಕ್ಕಿಂತ ಹೆಚ್ಚಾಗಿ ಬಳಸುವವರ ಅನವಧಾನ. ಹುಸಿಕರೆಯ ನಷ್ಟವನ್ನು ಅದನ್ನು ಮಾಡಿದ ಮನೆಯಷ್ಟೇ ಅನುಭವಿಸುವುದಿಲ್ಲ. ಪೋಲೀಸರು ಬರಿದೆ ಓಡಾಡುವ ಹೊತ್ತಿನಲ್ಲಿ ಬೇರೆ ಕಡೆ ನಿಜವಾಗಿ ಮೊರೆಯಿಡುವವರು, ಅಲಾರಂ ಕೊಳ್ಳಲಾರದವರೂ ಸಹ, ಕಾಯಬೇಕಾಗುತ್ತದೆ.

ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ನಗರವು 2000 ದ ಡಿಸೆಂಬರಿನಲ್ಲಿ ಇದಕ್ಕೆ ಒಂದು ಕಠಿನವಾದ ಪರಿಹಾರವನ್ನು ಜಾರಿಗೆ ತಂದಿತು. ಅಲಾರಂ ಮೊಳಗಿದರೆ ಮೊದಲು ಸಂಸ್ಥೆಯ ಖಾಸಗಿ ಕಾವಲುಗಾರನು ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಬೇಕು. ಕಳ್ಳತನದ ಚಿಹ್ನೆಯುಂಟೆಂದು ಅವನು ತಿಳಿಸಿದ ಮೇಲೆಯೇ ಪೋಲೀಸರು ಬರತಕ್ಕದ್ದು. ಮನುಷ್ಯನೇ ಗುಂಡಿಯೊತ್ತಿ ಕರೆದ ಅಪಾಯದ ಕರೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಇತರ ಕೆಲವು ನಗರಗಳು ಹುಸಿಕರೆಗಳಿಗೆ ದಂಡವನ್ನು ವಿಧಿಸಿದುವು. ಪೋಲೀಸರನ್ನು ಕರೆಯುವ ಮುನ್ನ ಮನೆಯವರಿಗೆ ಎರಡು ಬಾರಿ ಟೆಲಿಫೋನ್ ಮಾಡಿ ವಿಚಾರಿಸುವ ಪದ್ಧತಿಯೂ ಬಂದಿತು. ಇವುಗಳ ಗುಣದೋಷಗಳನ್ನು ಕುರಿತು ಭಿನ್ನಾಭಿಪ್ರಾಯಗಳಿವೆ. ಶುಲ್ಕ ತೆತ್ತವನಿಗೆ ಕೂಡಲೇ ಪೋಲೀಸರು ಬರಬೇಕೆಂಬುದು ಒಂದು ವಾದ. ಸಾರ್ವಜನಿಕ ವೆಚ್ಚದ ಪೋಲೀಸರು ಖಾಸಗಿ ಗಂಟೆಯ ಆಳುಗಳಲ್ಲವೆಂಬುದು ಇನ್ನೊಂದು. ಎರಡನೆಯ ವಾದದ ಕಡೆಗೆ ನಮ್ಮ ಒಲವಿದೆ. ಯಂತ್ರದ ಸೂಚನೆಗಿಂತ ಮನುಷ್ಯನ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆ ಕೊಡುವ ಈ ನಿಯಮ ಹುಯ್ಯಲಿನ ಹಳೆಯ ಧರ್ಮಕ್ಕೆ ಹತ್ತಿರವಾದುದು.

6

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧಪಡುತ್ತವೆ. ಮೊದಲನೆಯದಾಗಿ, 1853 ರಿಂದ ಈಚೆಗೆ ಕೂಗುವ ಸಾಧನ ಬಹಳವಾಗಿ ಸುಧಾರಿಸಿದ್ದರೂ ಅದರ ಸ್ವರೂಪ ಬದಲಾಗಿಲ್ಲ. ಅದು ಇಂದಿಗೂ ಕರೆಯೇ ಹೊರತು ಕಾವಲಲ್ಲ. ಎರಡನೆಯದಾಗಿ, ಓಗೊಡುವವನು ಯಜಮಾನನಿಂದ ಕೇಂದ್ರ ಕಚೇರಿಗೆ, ಅಲ್ಲಿಂದ ಪೋಲೀಸರಿಗೆ ದೂರವಾಗುತ್ತ ಹೋದನು. ಆ ದೂರ ಹೆಚ್ಚಿದಂತೆಲ್ಲ ಮನೆಯವರು ಯಂತ್ರವನ್ನು ನಡೆಸುವ ಎಚ್ಚರಿಕೆಯ ಮೇಲೆ ಇಡೀ ವ್ಯವಸ್ಥೆಯ ವಿಶ್ವಾಸ ನಿಂತಿತು. ಮೂರನೆಯದಾಗಿ, ಆ ವಿಶ್ವಾಸವು ಊರಿಗೆಲ್ಲ ಸೇರಿದ ಸೊತ್ತು. ಒಂದು ಮನೆಯ ಹುಸಿಕೂಗು ಅದರಲ್ಲಿ ಇನ್ನೊಂದು ಮನೆಯ ಪಾಲನ್ನು ಕಳೆಯುತ್ತದೆ.

ನಮ್ಮ ನಗರಗಳಲ್ಲಿಯೂ ಇಂಥ ಯಂತ್ರಗಳು ಹರಡುತ್ತಿರುವ ಈ ಕಾಲದಲ್ಲಿ ಅವನ್ನು ಅಳವಡಿಸುವವರು ಗುಪ್ತಸಂಖ್ಯೆಯನ್ನು ಮನೆಯವರಿಗೆಲ್ಲ ಕಲಿಸುವುದರೊಡನೆ ಗಂಟೆ ಮೊಳಗಿದರೆ ಬರುವವರು ಯಾರು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಅದಕ್ಕೆ ಉತ್ತರ ಯಂತ್ರದ ಕೈಪಿಡಿಯಲ್ಲಿ ದೊರೆಯದು. ನೆರೆಯವರೊಡನೆ ಮುಂಚೆಯೇ ಮಾತನಾಡಿ ಗೊತ್ತುಮಾಡಿಕೊಳ್ಳಬೇಕಾದುದು.