ನೋವು ಕಳೆಯುವ ಅಫೀಮು, ಕರುಳು ಕಟ್ಟುವ ಅಫೀಮು

ಅಫೀಮು ಎಂದೊಡನೆ ನೆನಪಾಗುವುದು ಅಮಲು. ಆದರೆ ಭಾರತೀಯ ವೈದ್ಯರು ಅದರ ಇನ್ನೊಂದು ಗುಣವನ್ನು ಬಹು ಹಿಂದೆಯೇ ಗುರುತಿಸಿದ್ದರು. ಚರಕ, ಸುಶ್ರುತರಲ್ಲಿ ಅಫೀಮಿನ ಪ್ರಸ್ತಾಪವಿಲ್ಲ. ಮಧ್ಯಯುಗದ ಶಾರ್ಙ್ಗಧರ ಸಂಹಿತೆಯಲ್ಲಿ ಅದು 'ಅಹಿಫೇನ'ವೆಂಬ ಹೆಸರಿನಲ್ಲಿ ಬರುತ್ತದೆ. 16ನೇ ಶತಮಾನದ ಭಾವಪ್ರಕಾಶವು ಅದನ್ನು 'ಗ್ರಾಹಿ', ಅಂದರೆ ಮಲವನ್ನು ಹಿಡಿದಿಡುವ ವಸ್ತು ಎಂದು ಕರೆಯುತ್ತದೆ. ಅತಿಸಾರಕ್ಕೆ ಅಫೀಮು ಮದ್ದಾದದ್ದು ಈ ಗುಣದಿಂದಲೇ.

ಕಾಲರಾ, ಆಮಶಂಕೆಗಳು ಊರೂರುಗಳನ್ನೇ ಬರಿದು ಮಾಡುತ್ತಿದ್ದ 19ನೇ ಶತಮಾನದಲ್ಲಿ ಈ ಗುಣಕ್ಕೆ ಬಹಳ ಬೆಲೆಯಿತ್ತು. ಭಾರತದಲ್ಲಿ ಸೈನ್ಯದ ವೈದ್ಯನಾಗಿದ್ದ ಜಾನ್ ಕಾಲಿಸ್ ಬ್ರೌನ್ ಕಾಲರಾಕ್ಕೆಂದು ಸಿದ್ಧಪಡಿಸಿದ 'ಕ್ಲೋರೋಡೈನ್' ಎಂಬ ಪ್ರಸಿದ್ಧ ಔಷಧಿಯಲ್ಲಿಯೂ ಅಫೀಮಿನ ಅಂಶವಿತ್ತು.

ಭೇದಿಯನ್ನು ನಿಲ್ಲಿಸುವ ವಸ್ತುವನ್ನು ದಿನವೂ ಸೇವಿಸಿದರೆ ಏನಾದೀತು? ಇಂಗ್ಲಿಷ್ ಕವಿ ಕೋಲ್‌ರಿಜ್ ಇದಕ್ಕೆ ನಿದರ್ಶನ. 1804ರಲ್ಲಿ ಮಾಲ್ಟಾಕ್ಕೆ ಹೊರಟ ಹಡಗಿನಲ್ಲಿ ಈ ಅಫೀಮು ವ್ಯಸನಿಯ ಕರುಳು ಎಷ್ಟು ಬಿಗಿದುಕೊಂಡಿತೆಂದರೆ, ಕೊನೆಗೆ ವೈದ್ಯರನ್ನು ಕರೆಸಿ ಎನಿಮಾ ಕೊಡಿಸಬೇಕಾಯಿತು.

ಇದರ ಕಾರಣ ಸ್ಪಷ್ಟವಾದದ್ದು ತೀರ ಈಚೆಗೆ. 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸೊಲೊಮನ್ ಸ್ನೈಡರ್, ಅಫೀಮಿನ ಅಂಶಗಳು ಅಂಟಿಕೊಳ್ಳುವ ಗ್ರಾಹಕಗಳನ್ನು ಮೆದುಳಿನಲ್ಲಿ ಮಾತ್ರವಲ್ಲ, ಕರುಳಿನಲ್ಲಿಯೂ ತೋರಿಸಿಕೊಟ್ಟರು. ಮೆದುಳಿನಲ್ಲಿ ನೋವನ್ನು ತಗ್ಗಿಸುವ ಮಾರ್ಫಿನ್ ಕರುಳಿನಲ್ಲಿ ಮಲವನ್ನು ಮುಂದೆ ತಳ್ಳುವ ಅಲೆಗಳನ್ನು ತಡೆಯುತ್ತದೆ. ನಿಂತ ಮಲದಿಂದ ದೇಹ ನೀರನ್ನು ಹೀರುತ್ತಲೇ ಹೋಗುವುದರಿಂದ ಅದು ಕಲ್ಲಾಗುತ್ತದೆ. ದಿನ ಕಳೆದಂತೆ ಓಕರಿಕೆ, ಮಂಪರುಗಳಿಗೆ ದೇಹ ಒಗ್ಗಿಕೊಳ್ಳುತ್ತದೆ. ಮಲಬದ್ಧತೆಗೆ ಒಗ್ಗಿಕೊಳ್ಳುವುದು ಅಪರೂಪ.

ಅಪಾಯ ಇರುವುದು ಇಲ್ಲಿಯೇ. ಗಟ್ಟಿಯಾದ ಮಲ ಗುದನಾಳವನ್ನು ಮುಚ್ಚಿದಾಗ ಅದರ ಪಕ್ಕದಿಂದ ನೀರಾದ ಮಲ ಜಿನುಗುವುದುಂಟು. ಮನೆಯವರು ಅದನ್ನು ಭೇದಿಯೆಂದು ತಿಳಿದು ಭೇದಿಯ ಗುಳಿಗೆ ಕೊಟ್ಟರೆ ಕರುಳು ಇನ್ನಷ್ಟು ಕಟ್ಟುತ್ತದೆ. ಒತ್ತಡದಿಂದ ಕರುಳಿನ ಗೋಡೆಯಲ್ಲಿ ಹುಣ್ಣಾಗಿ, ಅದು ತೂತಾಗಿ, ಪ್ರಾಣಕ್ಕೇ ಎರವಾಗಬಹುದು. ಕೆಲವರಲ್ಲಿ ಔಷಧಿಯ ಪ್ರಮಾಣ ಹೆಚ್ಚಿಸಿದಷ್ಟೂ ಹೊಟ್ಟೆನೋವೇ ಹೆಚ್ಚುವ ವಿಚಿತ್ರ ಸ್ಥಿತಿಯೂ ಉಂಟು.

ಸ್ವತಂತ್ರ ಭಾರತ ಅಫೀಮು ಸೇವನೆಯನ್ನು ಹಂತಹಂತವಾಗಿ ನಿಲ್ಲಿಸಲು ನಿರ್ಧರಿಸಿ, 1959ರ ಮಾರ್ಚ್ 31ರ ಗಡುವು ಹಾಕಿಕೊಂಡಿತು. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳು ಮಾರ್ಫಿನ್ ಇಡಲೂ ಹಿಂಜರಿದವು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ, ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ ಅಗತ್ಯವೆಂದು ಸಾರಿತು. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟಿನ 'ಕರುಣಾಶ್ರಯ'ದಂಥ ಸಂಸ್ಥೆಗಳು ಉಪಶಾಮಕ ಆರೈಕೆಗೆ ಕರ್ನಾಟಕದಲ್ಲಿ ದಾರಿ ತೆರೆದವು. 2014ರ ತಿದ್ದುಪಡಿ ಕಾಯ್ದೆಯ ತೊಡಕನ್ನು ಸಡಿಲಿಸಿತು.

ಔಷಧಿ ಹಳ್ಳಿಗೆ ಬಂದರೆ ಸಾಲದು, ಅದರ ಜೊತೆಗೆ ತಿಳಿವಳಿಕೆಯೂ ಬರಬೇಕು. ಶಹಾಪುರ ತಾಲ್ಲೂಕಿನ ಶಿರವಾಳ ಹಳೆಯ ದೇಗುಲಗಳ ಊರು; ಸುತ್ತಲಿನದು ಸುಡುಬಿಸಿಲಿನ ಸೀಮೆ. ಅಂಥ ಕಡೆ ಹಾಸಿಗೆ ಹಿಡಿದ ರೋಗಿ ಕುಡಿಯುವ ನೀರು ಕಡಿಮೆಯಾದರೆ ತೊಂದರೆ ಇಮ್ಮಡಿಸುತ್ತದೆ. ನೀರು ಸಾಲದಿದ್ದಾಗ ಇಸಬಗೋಲಿನಂಥ ನಾರಿನ ಪುಡಿಯೂ ಕರುಳಿನಲ್ಲಿ ಗಟ್ಟಿಯಾದೀತು. ಆದ್ದರಿಂದಲೇ ಉಪಶಾಮಕ ವೈದ್ಯರು ಮಾರ್ಫಿನ್ ಆರಂಭಿಸಿದ ದಿನವೇ, ಕರುಳನ್ನು ಚಲಿಸುವಂತೆ ಮಾಡುವ ವಿರೇಚಕವನ್ನೂ ಬರೆದುಕೊಡುತ್ತಾರೆ. ಹೀಗೆ ಬಳಸುವ ವಿರೇಚಕಗಳಲ್ಲಿ ಸೋನಾಮುಖಿ ಎಲೆಯಿಂದ ತಯಾರಾದ ಗುಳಿಗೆಯೂ ಒಂದು.

ಮೂರು ದಿನ ಮಲವಿಸರ್ಜನೆ ಆಗದಿದ್ದರೆ ವೈದ್ಯರಿಗೆ ತಿಳಿಸಬೇಕು. ಹೊಟ್ಟೆ ಉಬ್ಬಿ ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಈ ಮಾತನ್ನು ಆಡಲು ರೋಗಿಗಳು ನಾಚುತ್ತಾರೆ, ಮನೆಯವರು ಕೇಳಲು ಹಿಂಜರಿಯುತ್ತಾರೆ. ಇನ್ನು ಕೆಲವರು ಹೊಟ್ಟೆಯ ಬಾಧೆ ತಾಳಲಾರದೆ ಮಾರ್ಫಿನ್ನನ್ನೇ ಬಿಟ್ಟು ನೋವಿಗೆ ಮರಳುತ್ತಾರೆ. 'ಗ್ರಾಹಿ' ಎಂಬ ಹಳೆಯ ಪದ ಅಂದು ಅಫೀಮಿನ ಪ್ರಯೋಜನವನ್ನು ಹೇಳುತ್ತಿತ್ತು. ನೋವಿಗಾಗಿ ಅದನ್ನು ದಿನವೂ ಸೇವಿಸುವವರಿಗೆ ಅದೇ ಪದ ಎಚ್ಚರಿಕೆಯೂ ಹೌದು.