ಗಣಿಯ ಟಿಂಚರ್, ಹೊಲದ ನಂಜು

ಹೋದ ವರ್ಷ ಆಷಾಢದಲ್ಲಿ ರೇಷ್ಮೆ ಸೊಪ್ಪು ಕೊಯ್ಯೋವಾಗ ಹಿಪ್ಪುನೇರಳೆ ಕೂಳೆ ಒಂದು ನನ್ನ ಚಪ್ಪಲಿ ತೂರಿ ಅಂಗಾಲಿಗೆ ಹೊಕ್ಕಿತು. ರಕ್ತ ಬಂದಿದ್ದು ನಾಲ್ಕು ಹನಿ. ಮನೇಲಿದ್ದ ಡೆಟಾಲ್ ಬಾಟ್ಲಿ ಬಗ್ಗಿಸಿ, ನೀರು ಬೆರೆಸದೆ ಹಾಗೇ ಸುರಿದೆ. ಉರಿ ತಲೆಗೇರಿತು. ಉರಿದರೆ ಕೆಲಸ ಮಾಡ್ತಿದೆ ಅಂತ ಲೆಕ್ಕ! ಬಟ್ಟೆ ಕಟ್ಟಿ ಮಾರನೇ ದಿನ ಟೊಮೆಟೊಗೆ ನೀರು ಕಟ್ಟೋಕೆ ಹೋದೆ. ನಾಲ್ಕನೇ ದಿನ ಪಾದ ಬಿಸಿಯಾಗಿ ಊದಿ, ತೊಡೆಸಂದಿಯಲ್ಲಿ ಗಂಟು ಕಟ್ಟಿ, ರಾತ್ರಿ ಚಳಿಜ್ವರ. ಡಾಕ್ಟರು ತೂತನ್ನು ಕೊಯ್ದು ಅಗಲ ಮಾಡಿದಾಗ ಕೀವಿನ ಜೊತೆ ಬೆರಳುಗುರು ಉದ್ದದ ಕೂಳೆ ಚೂರು ಬಂತು. ಮೇಲೆ ಸುರಿದ ಔಷಧಿ ಅಲ್ಲಿಗೆ ತಲುಪೇ ಇರಲಿಲ್ಲ.

ಹದಿನೈದು ದಿನ ಕಾಲು ಮೇಲೆ ಮಾಡಿ ಮಲಗಿದ್ದಾಗ ನೆನಪಾದವರು ನನ್ನ ಸೋದರಮಾವ. ಅವರು ಕೆಜಿಎಫ್ ಗಣಿಯಲ್ಲಿದ್ದರು. ಕೆಳಗೆ ಬೆರಳು ತರಚಿದರೂ ಮೇಲೆ ಬಂದು ತೋರಿಸಬೇಕು, ತೊಳೆದು ಟಿಂಚರ್ ಹಚ್ಚಿ ಪುಸ್ತಕದಲ್ಲಿ ಬರೀತಾರೆ ಅಂತ ಹೇಳ್ತಿದ್ದರು. ಅದೇ ಕಾಲಕ್ಕೆ ನಮ್ಮ ಹೊಲದಲ್ಲಿ ಕುಡುಗೋಲು ತಗುಲಿದರೆ ಕಾಫಿಪುಡಿ, ಸುಣ್ಣ, ಬೂದಿ. ನಮ್ಮಪ್ಪ ಒಮ್ಮೆ ಮಣ್ಣನ್ನೇ ಒತ್ತಿಕೊಂಡಿದ್ದು ನಾನೇ ನೋಡಿದ್ದೀನಿ. ನಡುವೆ ಇರೋದು ಏಳೆಂಟು ಮೈಲಿ. ಆದರೆ ಗಾಯದ ವಿಷಯದಲ್ಲಿ ಎರಡು ಬೇರೆ ಪ್ರಪಂಚ.

ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗೆ ಕೈ ಹಾಕಿದ್ದು 1880ರಲ್ಲಿ. ಅದಕ್ಕೆ ಬರೀ ಹದಿನೈದು ವರ್ಷ ಹಿಂದೆ, 1865ರ ಆಗಸ್ಟ್‌ನಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ಆಸ್ಪತ್ರೆಗೆ ಹನ್ನೊಂದು ವರ್ಷದ ಹುಡುಗನೊಬ್ಬ ಬಂದ. ಗಾಡಿ ಚಕ್ರ ಕಾಲ ಮೇಲೆ ಹರಿದು ಮೂಳೆ ಮುರಿದು, ಚರ್ಮವೂ ಹರಿದಿತ್ತು. ಆಗ ಇಂಥ ಕಾಲು ಕೊಳೆಯೋದೇ ಹೆಚ್ಚು, ಬಹಳ ಸಲ ಕತ್ತರಿಸಿಬಿಡೋರು. ಜೋಸೆಫ್ ಲಿಸ್ಟರ್ ಅನ್ನೋ ಸರ್ಜನ್ ಆ ಗಾಯಕ್ಕೆ ಕಾರ್ಬಾಲಿಕ್ ಆಸಿಡ್ ಅದ್ದಿದ ಬಟ್ಟೆ ಕಟ್ಟಿ ನಾಲ್ಕು ದಿನ ಬಿಟ್ಟ. ಬಿಚ್ಚಿದಾಗ ಕೀವಿಲ್ಲ. ಆರು ವಾರಕ್ಕೆ ಮೂಳೆ ಕೂಡಿತು.

ಈ ಕಾರ್ಬಾಲಿಕ್ ಅವನಿಗೆ ಹೊಳೆದ ಬಗೆ ನಮ್ಮಂಥ ದನ ಸಾಕೋರಿಗೆ ಗೊತ್ತಿರಬೇಕು. ಇಂಗ್ಲೆಂಡಿನ ಕಾರ್ಲೈಲ್ ಊರಲ್ಲಿ ಚರಂಡಿ ನೀರಿನ ವಾಸನೆ ಹೋಗಲಿ ಅಂತ ಅದನ್ನು ಬೆರೆಸ್ತಿದ್ದರು. ಆ ನೀರು ಹಾಯಿಸಿದ ಹುಲ್ಲುಗಾವಲಲ್ಲಿ ಮೇದ ದನಗಳಿಗೆ ಜಂತಿನ ಕಾಟವೂ ನಿಂತಿತು ಅಂತ ಲಿಸ್ಟರ್ ಕೇಳಿದ್ದ. ಕೊಳೆಯೋದಕ್ಕೆ ಕಣ್ಣಿಗೆ ಕಾಣದ ಜೀವಿಗಳೇ ಕಾರಣ ಅಂತ ಫ್ರಾನ್ಸಿನ ಪಾಶ್ಚರ್ ಹೇಳಿದ್ದನ್ನೂ ಓದಿದ್ದ. ಎರಡನ್ನೂ ಸೇರಿಸಿದ. 1867ರಲ್ಲಿ ಬರೆದು ಪ್ರಕಟಿಸಿದ. ಆದರೆ ಕಾರ್ಬಾಲಿಕ್ ಚರ್ಮವನ್ನೂ ಸುಡುತ್ತೆ ಅಂತ ಅವನಿಗೆ ಬೇಗ ಗೊತ್ತಾಯ್ತು. ನೀರು, ಎಣ್ಣೆ ಬೆರೆಸಿ ತೆಳು ಮಾಡಿ ಬಳಸಿದ. ಲಿಸ್ಟರ್‌ಗೆ ಆಗ ತಿಳಿದಿದ್ದು ನನಗೆ ಹೋದ ಆಷಾಢದವರೆಗೂ ತಿಳಿದಿರಲಿಲ್ಲ!

ಹೊಲದ ಮಣ್ಣು ಏನು ಮಾಡುತ್ತೆ ಅಂತ ಪ್ರಪಂಚಕ್ಕೆ ಚೆನ್ನಾಗಿ ಗೊತ್ತಾಗಿದ್ದು 1914ರ ಮಹಾಯುದ್ಧದಲ್ಲಿ. ಯುದ್ಧ ನಡೆದಿದ್ದು ಫ್ರಾನ್ಸ್, ಬೆಲ್ಜಿಯಂನ ಉಳುಮೆ ಹೊಲಗಳಲ್ಲಿ. ತಲೆಮಾರುಗಳಿಂದ ಕೊಟ್ಟಿಗೆ ಗೊಬ್ಬರ ತಿಂದ ಮಣ್ಣು ಅದು. ಕುದುರೆ, ದನದ ಕರುಳಲ್ಲೂ ಸಗಣಿಯಲ್ಲೂ ಧನುರ್ವಾಯುವಿನ ರೋಗಾಣು ಇರುತ್ತೆ. ಅದರ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಸಾಯೋದಿಲ್ಲ, ಗಾಳಿ ಆಡದ ಆಳದ ತೂತಿನಲ್ಲಿ ಮೊಳೆಯುತ್ತೆ. ಗುಂಡು, ಚೂರುಗಳ ಜೊತೆ ಆ ಮಣ್ಣು ಮೈಯೊಳಗೆ ಹೋಗಿ ಶುರುವಿನಲ್ಲಿ ಬಹಳ ಸೈನಿಕರು ಧನುರ್ವಾಯುವಿಗೆ ಸತ್ತರು. ಗಾಯಗೊಂಡವರಿಗೆಲ್ಲ ಕುದುರೆ ರಕ್ತದಿಂದ ತೆಗೆದ ಸೀರಂ ಚುಚ್ಚೋಕೆ ಶುರು ಮಾಡಿದ ಮೇಲೆ ಸಾವು ಥಟ್ಟನೆ ಇಳಿಯಿತು. ನಮ್ಮ ತಿಪ್ಪೆ ಗೊಬ್ಬರದ ಹೊಲವೂ ಅಂಥದ್ದೇ ಮಣ್ಣು.

ಅದೇ ಯುದ್ಧದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಫ್ರಾನ್ಸಿನ ಆಸ್ಪತ್ರೆಯೊಂದರಲ್ಲಿದ್ದ. ಮುಂದೆ ಪೆನ್ಸಿಲಿನ್ ಕಂಡುಹಿಡಿದವನು ಇವನೇ. ಗಾಜಿನ ಕೊಳವೆಯ ಗೋಡೆಗೆ ಮುಳ್ಳಿನಂಥ ಟೊಳ್ಳು ಮೂಲೆಗಳನ್ನು ಮಾಡಿ, ಅದೇ ಗಾಯ ಅಂತ ಇಟ್ಟುಕೊಂಡು, ರೋಗಾಣು ತುಂಬಿ, ಆಮೇಲೆ ಔಷಧಿ ತುಂಬಿದ. ಔಷಧಿ ಚೆಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮೂಲೆಗಳಿಂದ ರೋಗಾಣು ಮತ್ತೆ ಹೊರಟವು. ಗಾಯದೊಳಗೆ ಸುರಿದ ಕಡು ಔಷಧಿ, ರೋಗಾಣುವಿನ ಜೊತೆ ಹೋರಾಡೋ ನಮ್ಮದೇ ಬಿಳಿ ರಕ್ತಕಣಗಳನ್ನು ಮೊದಲು ಕೊಲ್ಲುತ್ತೆ ಅಂತ್ಲೂ ತೋರಿಸಿದ. ಕಳೆ ಔಷಧಿ ಹೊಡೆದು ಪೈರೇ ಒಣಗಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಬುಸ್ ಅಂತ ನೊರೆ ಬರೋದು ನೋಡಿ ಖುಷಿಪಡ್ತೀವಲ್ಲ, ಅದನ್ನು ದಿನಾ ಸುರಿದರೆ ಹೊಸದಾಗಿ ಬೆಳೆಯೋ ಮಾಂಸಕ್ಕೂ ಪೆಟ್ಟು.

ಹಾಗಾದ್ರೆ ಏನು ಮಾಡಬೇಕು? ರಕ್ತ ಜೋರಾಗಿದ್ರೆ ಮೊದಲು ಬಿಗಿಯಾಗಿ ಒತ್ತಿ ಹಿಡಿಯೋದು. ನಿಂತ ಮೇಲೆ ನೀರು. ಕೃಷಿಹೊಂಡದ್ದಲ್ಲ, ಡ್ರಿಪ್ ಗೊಬ್ಬರದ ಪೈಪಿಂದೂ ಅಲ್ಲ, ಕುಡಿಯೋ ನೀರು. ಧಾರೆ ಬಿಟ್ಟು ಐದು ಹತ್ತು ನಿಮಿಷ ತೊಳೀಬೇಕು. ಸೋಪು ಸುತ್ತಲ ಚರ್ಮಕ್ಕೆ. ಆಮೇಲೆ ಪೊವಿಡೋನ್ ಅಯೋಡಿನ್ ಗಾಯದ ಅಂಚಿಗೆ ಹಚ್ಚಿ, ಒಗೆದು ಬಿಸಿಲಲ್ಲಿ ಒಣಗಿಸಿದ ಬಟ್ಟೆ ಕಟ್ಟಿ, ದಿನಾ ಬದಲಾಯಿಸೋದು. ಹಳೇ ಟಿಂಚರ್ ಸ್ಪಿರಿಟ್‌ನಲ್ಲಿ ಕರಗಿಸಿದ್ದು, ಅದಕ್ಕೇ ಆ ಉರಿ. ಪೊವಿಡೋನ್ ಹಾಗೆ ಸುಡೋದಿಲ್ಲ, 1950ರ ದಶಕದಲ್ಲಿ ಬಂದದ್ದು. ಡೆಟಾಲ್ ಆದ್ರೆ ಬಾಟ್ಲಿ ಮೇಲೆ ಬರೆದಷ್ಟು ನೀರು ಬೆರೆಸಿಯೇ. ಆಳಕ್ಕೆ ಚುಚ್ಚಿದ್ದನ್ನು, ಒಳಗೆ ಚೂರು ಉಳಿದಿರೋದನ್ನು ಮನೇಲಿ ಕೆದಕಬೇಡಿ. ನಾಯಿ ಕಚ್ಚಿದ್ರೆ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್‌ಗೆ ಹೋಗಬೇಕು, ಅದು ಬೇರೆ ಕಥೆ.

ನಂಜಾಗಿದೆ ಅಂತ ಗುರುತಿಸೋದು ಹೇಗೆ? ಕೆಂಪು, ಊತ, ಬಿಸಿ, ನೋವು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೆಲ್ಸಸ್ ಬರೆದಿಟ್ಟ ನಾಲ್ಕು ಲಕ್ಷಣ ಇವು. ಮೊದಲ ಎರಡು ದಿನ ಇವು ಸ್ವಲ್ಪ ಇದ್ದೇ ಇರುತ್ತೆ. ಮೂರನೇ ದಿನ ಕಡಿಮೆ ಆಗೋ ಬದಲು ಹೆಚ್ಚಾದ್ರೆ ನಂಜು ಅಂತ್ಲೇ ಲೆಕ್ಕ. ನಮ್ಮ ಮೈಬಣ್ಣಕ್ಕೆ ಕೆಂಪು ಸರಿಯಾಗಿ ಕಾಣೋದಿಲ್ಲ, ಆದ್ದರಿಂದ ಬೆರಳ ಹಿಂಬದಿ ಇಟ್ಟು ಬಿಸಿ ನೋಡಿ, ಇನ್ನೊಂದು ಕಾಲಿಗೆ ಹೋಲಿಸಿ. ಊತದ ಅಂಚಿಗೆ ಪೆನ್ನಲ್ಲಿ ಗೆರೆ ಎಳೆದಿಟ್ಟು ಸಂಜೆ ನೋಡಿ. ಗೆರೆ ದಾಟಿದ್ರೆ, ಕೀವು ನಾತ ಬಂದ್ರೆ, ಕಾಲು ಮೇಲಕ್ಕೆ ಕೆಂಪು ಪಟ್ಟೆ ಹತ್ತಿದ್ರೆ, ಸಂದಿಯಲ್ಲಿ ಗಂಟು, ಚಳಿಜ್ವರ ಬಂದ್ರೆ ಬೆಳಗಾಗೋವರೆಗೆ ಕಾಯಬೇಡಿ. ಸಕ್ಕರೆ ಕಾಯಿಲೆ ಇರೋರಿಗೆ ನೋವೇ ಗೊತ್ತಾಗದೆ ಇರಬಹುದು, ಅವರು ದಿನಾ ಅಂಗಾಲು ನೋಡಿಕೊಳ್ಳಬೇಕು. ದವಡೆ ಬಿಗಿದು ಬಾಯಿ ತೆರೆಯೋಕಾಗದಿದ್ರೆ ಅದು ಧನುರ್ವಾಯು. ಗಾಯ ಮಾಯ್ದು ಹೋದ ಮೇಲೂ ಬರಬಹುದು.

1952ರ ಗಣಿ ಕಾಯ್ದೆ ಪ್ರಕಾರ ಪ್ರತಿ ಗಣಿಯಲ್ಲೂ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಅದಕ್ಕೆ ತರಬೇತಿ ಆದ ಒಬ್ಬ ಆಳು ಇರಬೇಕಿತ್ತು. 150ಕ್ಕಿಂತ ಹೆಚ್ಚು ಜನ ಇದ್ರೆ ಪ್ರತ್ಯೇಕ ಕೋಣೆ ಬೇಕಿತ್ತು. ನಮ್ಮ ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಕೊಯ್ಲಿಗೆ ಇಪ್ಪತ್ತು ಕೂಲಿ ಹೆಣ್ಣುಮಕ್ಕಳನ್ನು ಟೆಂಪೋದಲ್ಲಿ ಕರೆಸೋ ನಮ್ಮ ಟೊಮೆಟೊ ತೋಟದಲ್ಲಿ ಅಂಥ ಪೆಟ್ಟಿಗೆ ಯಾರೂ ಇಟ್ಟಿದ್ದಿಲ್ಲ, ನಾನೂ ಇಟ್ಟಿರಲಿಲ್ಲ.

ಈಗ ಪಂಪ್‌ಸೆಟ್ ಮನೇಲಿ ಹಳೇ ಬಿಸ್ಕತ್ ಡಬ್ಬಿ ಒಂದಿದೆ. ಸೋಪು, ಪೊವಿಡೋನ್, ಬ್ಯಾಂಡೇಜ್ ಬಟ್ಟೆ, ಕತ್ತರಿ, ಪೆನ್ನು. ಮುಚ್ಚಳದ ಒಳಗಡೆ ಎಲ್ಲರ ಟಿಟಿ ಹಾಕಿಸಿದ ತಾರೀಕು ಬರೀತಾ ಹೋದೆ. ಕೊಳಕು ಗಾಯಕ್ಕೆ ಐದು ವರ್ಷ ದಾಟಿದ್ರೆ ಮತ್ತೆ ಬೇಕು ಅಂತಾರೆ. ನನ್ನ ಹೆಂಡತಿಯನ್ನು ಕೇಳಿದ್ರೆ, ಚಿಕ್ಕ ಮಗಳು ಹೊಟ್ಟೆಯಲ್ಲಿದ್ದಾಗ ನರ್ಸಮ್ಮ ಚುಚ್ಚಿದ್ದೇ ಕೊನೆ ಅಂದಳು. ಆ ಮಗಳಿಗೆ ಈಗ ಇಪ್ಪತ್ತಾರು. ದಿನಾ ಸಗಣಿ ಬಾಚೋದು ಇವಳೇ. ಸೋಮವಾರ ಹೋಗಿ ಹಾಕಿಸಿಕೊಂಡು ಬಂದ್ವಿ.