ಇಂಧನಚಾಲಿತ ಸ್ವಯಂಜೋಡಣೆ

ರಾಸಾಯನಿಕ ಇಂಧನ ಇರುವವರೆಗೆ ಅಣುಗಳು ತಾವಾಗಿ ಕೂಡಿ ನಿಂತು, ಅದು ತೀರಿದಾಗ ಬಿಡಿಯಾಗುವ ಕ್ರಿಯೆಗೆ ಇಂಧನಚಾಲಿತ ಸ್ವಯಂಜೋಡಣೆ ಎನ್ನುತ್ತಾರೆ. ಜೀವಕೋಶಕ್ಕೆ ಇದು ಹೊಸದಲ್ಲ: ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಎಟಿಪಿಯನ್ನು, ಸೂಕ್ಷ್ಮನಾಳಗಳು ಜಿಟಿಪಿಯನ್ನು ಇಂಧನವಾಗಿ ವ್ಯಯಿಸುತ್ತಲೇ ಬೆಳೆದು ಕುಗ್ಗುತ್ತವೆ. ಕೃತಕ ಅಣುಗಳಿಂದ ಇದನ್ನು ಸಾಧಿಸಿದ ಇತಿಹಾಸ ಮಾತ್ರ ತೀರ ಇತ್ತೀಚಿನದು.

ಸಮತೋಲದಿಂದ ದೂರವಿರುವ ವ್ಯವಸ್ಥೆಗಳ ಸಿದ್ಧಾಂತಕ್ಕಾಗಿ ಇಲ್ಯಾ ಪ್ರಿಗೊಜಿನ್ 1977ರಲ್ಲಿ ನೊಬೆಲ್ ಪಡೆದರು. ಅಂಥ ವ್ಯವಸ್ಥೆಯನ್ನು ರಾಸಾಯನಿಕ ಇಂಧನದಿಂದ ನಡೆಸುವ ಸ್ಪಷ್ಟ ಮಾದರಿ 2010ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಿಂದ ಬಂತು. ಅಲ್ಲಿ ಋಣ ವಿದ್ಯುದಂಶದಿಂದ ಪರಸ್ಪರ ವಿಕರ್ಷಿಸುತ್ತಿದ್ದ ಅಣುಗಳು ಮೀಥೈಲ್ ಅಯೊಡೈಡ್ ಜತೆ ವರ್ತಿಸಿ ಎಸ್ಟರ್‌ಗಳಾದವು, ನಾರುಗಟ್ಟಿ ಜೆಲ್ ಆದವು; ಎಸ್ಟರ್ ಒಡೆದಂತೆ ಜೆಲ್ ಕೂಡ ಕರಗಿತು.

ಕರ್ನಾಟಕದಲ್ಲಿ ಈ ಕೆಲಸದ ನೆಲೆ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಅಲ್ಲಿನ ಸುಬಿ ಜಾರ್ಜ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗ ಇಂಧನಚಾಲನೆಯ ಹೆಸರಿನಲ್ಲಿ ಬಂದದ್ದಲ್ಲ. ಆದ್ದರಿಂದ ಈ ಚರಿತ್ರೆಯಲ್ಲಿ ಅದನ್ನು ಬಿಟ್ಟುಬಿಡುವುದು ಸುಲಭ. ಆದರೆ ಈ ತಂಡದ ಮುಂದಿನ ಕೆಲಸಕ್ಕೆ ಅದೇ ಅಡಿಪಾಯ. ನಾಫ್ತಲೀನ್‌ಡೈಇಮೈಡ್ ಅಣುವಿಗೆ ಫಾಸ್ಫೇಟ್ ಹಿಡಿಯುವ ಗುಂಪನ್ನು ಜೋಡಿಸಿದ್ದರು. ಆ ಅಣುವಿಗೆ ತನ್ನದೇ ಆದ ಎಡ-ಬಲವಿಲ್ಲ. ಎಟಿಪಿ ಅಂಟಿದರೆ ಅಣುಗಳ ಸಾಲು ಒಂದು ದಿಕ್ಕಿಗೆ ಸುರುಳಿ ಸುತ್ತಿತು, ಎಟಿಪಿ ಒಡೆದು ಸಿಗುವ ಎಡಿಪಿ ಅಥವಾ ಎಎಂಪಿ ಅಂಟಿದರೆ ವಿರುದ್ಧ ದಿಕ್ಕಿಗೆ. ಹೀಗೆ ಕಿಣ್ವವೊಂದು ಎಟಿಪಿಯನ್ನು ಕತ್ತರಿಸುತ್ತಿರುವಾಗಲೇ, ಸುರುಳಿಯ ದಿಕ್ಕು ಬದಲಾಗುವುದನ್ನು ಧ್ರುವೀಕೃತ ಬೆಳಕಿನ ಮೂಲಕ ಓದಬಹುದಾಯಿತು. 2018ರಲ್ಲಿ ಇದೇ ತಂಡ ಆಕ್ಟಿನ್‌ನ ಕೃತಕ ಪ್ರತಿರೂಪವನ್ನು ಪ್ರಕಟಿಸಿತು. ಎಟಿಪಿ ಬಂದಾಗ ಮೊದಲು ಬೀಜ ಮೂಡಿ, ಅದರ ತುದಿಗಳಿಂದ ಸರಪಳಿ ಬೆಳೆಯುತ್ತದೆ; ಆದ್ದರಿಂದ ಉದ್ದ ಹಿಡಿತಕ್ಕೆ ಸಿಗುತ್ತದೆ. ಎಟಿಪಿ ಒಡೆಯುವ ಕಿಣ್ವ ಸೇರಿಸಿದರೆ ಸರಪಳಿ ಅಲ್ಪಾಯುವಾಗುತ್ತದೆ.

ಸಂಶೋಧಕರು ಒಮ್ಮತಕ್ಕೆ ಬಾರದಿರುವುದು ಇಂಥ ವ್ಯವಸ್ಥೆ ನಿಜಕ್ಕೂ ಶಕ್ತಿಯಿಂದ ನಿಂತಿದೆಯೇ ಎಂಬಲ್ಲಿ. ಇಟಲಿಯ ಜೂಲಿಯೊ ರಗಾಟ್ಸೋನ್ ಮತ್ತು ಲೆನಾರ್ಡ್ ಪ್ರಿನ್ಸ್ 2018ರಲ್ಲೇ ಈ ಗೊಂದಲವನ್ನು ಕೈಗೆತ್ತಿಕೊಂಡರು. ಇಂಧನ ಖರ್ಚಾಗುವುದು ಬೇರೆ. ಆ ಶಕ್ತಿಯಿಂದಲೇ, ಸಮತೋಲದಲ್ಲಿ ಸಿಗದಷ್ಟು ಪ್ರಮಾಣದಲ್ಲಿ ಜೋಡಣೆ ಉಳಿಯುವುದು ಬೇರೆ. ಎಟಿಪಿ ಇರುವಷ್ಟು ಹೊತ್ತು ರಚನೆ ತಾನಾಗಿ ಸ್ಥಿರವಾಗಿದ್ದರೆ, ಕಿಣ್ವ ಮಾಡುವುದು ಎಟಿಪಿಯನ್ನು ಖಾಲಿ ಮಾಡುವ ಕೆಲಸವಷ್ಟೇ. ಈ ಅಳತೆಯಲ್ಲಿ, ಪ್ರಿನ್ಸ್ ತಂಡ ಪಡುವಾದಲ್ಲಿ 2016ರಲ್ಲಿ ಎಟಿಪಿಯ ನೆರವಿನಿಂದ ಕಟ್ಟಿದ ಕೋಶಿಕೆಗಳೂ (ಪುಟ್ಟ ಗುಳ್ಳೆಯಂಥ ರಚನೆಗಳು) ಜಕ್ಕೂರಿನ ಸರಪಳಿಗಳೂ ಮೊದಲ ಬಗೆಯ ಕಡೆಗೇ ವಾಲುತ್ತವೆ. ರಚನೆಯ ಆಯುಸ್ಸನ್ನು ಮೊದಲೇ ಗೊತ್ತುಮಾಡಿದ್ದು ಅವುಗಳ ಗಟ್ಟಿ ಸಾಧನೆ. ಸೂಕ್ಷ್ಮನಾಳದಂತೆ ಇಂಧನದ ಶಕ್ತಿಯನ್ನು ರಚನೆಯೊಳಗೇ ಕೂಡಿಡುವ ಕೆಲಸ ಅವು ಮಾಡಿಲ್ಲ.